ವರ್ತಕ, ದಲ್ಲಾಳಿ, ಕಾಳಸಂತೆಕೋರ: ವರದಿಯಲ್ಲಿ ಯಾವ ಪದ?

ಮೊದಲು ನೋಡಬೇಕಾದ್ದು ಮಾಲು ಯಾರದೆಂದು. ವರ್ತಕ ಸ್ವಂತ ದುಡ್ಡಿನಿಂದ ಕೊಂಡು ಮಾರುತ್ತಾನೆ. ಬೆಲೆ ಬಿದ್ದರೆ ನಷ್ಟ ಅವನದೇ. ದಲ್ಲಾಳಿ ಮಾಲು ಕೊಳ್ಳುವುದಿಲ್ಲ, ವ್ಯವಹಾರ ಕುದುರಿಸಿ ಕಮಿಷನ್ ಪಡೆಯುತ್ತಾನೆ. ಹಾಗಾಗಿ ಹಳೆಯ ಮೊಬೈಲ್ ಕೊಂಡು ರಿಪೇರಿ ಮಾಡಿಸಿ ಮಾರುವವನನ್ನು ದಲ್ಲಾಳಿ ಎನ್ನುವುದು ತಪ್ಪು.

ಕಾನೂನಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಪಡಿತರದ ಅಕ್ಕಿಯನ್ನು ಕಾರ್ಡುದಾರರಿಗೆ ಕೊಡದೆ ಹೊರಗೆ ಮಾರಿದರೆ ಅದು ಕಾಳಸಂತೆ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಕೇಸು ಬೀಳುತ್ತದೆ. ಬರೀ ದುಬಾರಿ ಬೆಲೆಗೆ ಮಾರಿದವನೆಲ್ಲ ಕಾಳಸಂತೆಕೋರನಲ್ಲ. ಕದ್ದ ಬೈಕೆಂದು ಗೊತ್ತಿದ್ದೂ ಕೊಂಡವನಿಗೂ ಈ ಪದ ಹೊಂದದು: ಅದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನ ಅಪರಾಧ, ‘ಕಳವು ಮಾಲು ಕೊಂಡವನು’ ಎಂದೇ ಬರೆಯಿರಿ.

ಧ್ವನಿಯೂ ಮುಖ್ಯ. ಎಪಿಎಂಸಿ ಪ್ರಾಂಗಣದಲ್ಲಿ ‘ದಲ್ಲಾಳಿ’ ಅಂಗಡಿ ಬೋರ್ಡಿನ ಮೇಲಿರುವ ಗೌರವದ ಕಸುಬು. ರಾಜಕೀಯ ಸುದ್ದಿಯಲ್ಲಿ ಅದೇ ಪದ ಬೈಗುಳ. ಅಲ್ಲಿ ‘ಮಧ್ಯವರ್ತಿ’ ವಾಸಿ.

ಆರೋಪ ಸಾಬೀತಾಗುವ ಮುನ್ನ ‘ಕಾಳಸಂತೆಕೋರ’ ಬೇಡವೇ ಬೇಡ, ಮಾನನಷ್ಟದ ನೋಟಿಸು ಬರಬಹುದು. ‘ಅಕ್ರಮ ಮಾರಾಟದ ಆರೋಪಿ’ ಸಾಕು.