ಹುಮನಾಬಾದಿನ ಇಂಗ್ಲಿಷ್ ಬಂದೂಕು, ಮುಂಗೇರಿನ ಬಂದೂಕು: ಎರಡನ್ನೂ ಬಿಚ್ಚಿ ನೋಡಿದ ಮೇಲೆ

ತೊಗರಿ ಹೊಲದ ಕಾವಲಿಗಾಗಿ ಇರುವ ನನ್ನ ಲೈಸೆನ್ಸಿನ ಮೇಲೆ ಹಳೆಯ 12 ಬೋರಿನ ಜೋಡುನಳಿಗೆ ಬಂದೂಕೊಂದನ್ನು ಕೊಳ್ಳಲು ಹೊರಟಾಗ ಎರಡು ಬಂದೂಕುಗಳು ನನ್ನ ಮುಂದೆ ಬಂದವು. ಒಂದು ಹುಮನಾಬಾದಿನ ಹಳೆಯ ವಾಡೆಯಲ್ಲಿದ್ದ ಬರ್ಮಿಂಗ್‌ಹ್ಯಾಮ್ ಬಂದೂಕು. ಇನ್ನೊಂದು ಕಲಬುರಗಿಯ ಅಂಗಡಿಗೆ ಬಂದಿದ್ದ, ಬಿಹಾರದ ಮುಂಗೇರಿನಲ್ಲಿ ತಯಾರಾದದ್ದು.

"ತಮ್ಮಾ, ನಳಿಗಿ ಒಳಗ ನೋಡ್, ಕನ್ನಡಿ ಹಾಂಗ ಹೊಳೀಲಕತ್ತದ" ಎಂದು ವಾಡೆಯ ಕಾಕಾ ಹೆಮ್ಮೆಯಿಂದ ಹೇಳಿದರು. ಅದು ನಿಜವೇ ಆಗಿತ್ತು, ಆದರೆ ನನ್ನ ಅನುಮಾನ ಹುಟ್ಟಿದ್ದೂ ಆ ಹೊಳಪಿನಿಂದಲೇ. ನಳಿಗೆಯ ಬುಡದಲ್ಲಿ 'ನೈಟ್ರೋ ಪ್ರೂಫ್' (ಹೊಗೆರಹಿತ ಮದ್ದಿನ ಒತ್ತಡಕ್ಕೆ ಪರೀಕ್ಷೆಯಾದ ಗುರುತು) ಎಂಬ ಅಚ್ಚು ಇದ್ದುದರಿಂದ ಅದು ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ಬಂದೂಕಲ್ಲ ಎಂಬುದು ಖಾತ್ರಿಯಾಯಿತು. ಆದರೆ ಬುಡದಿಂದ 9 ಅಂಗುಲ ಒಳಗೆ ಗೇಜು ಹಾಕಿದ ಬಂದೂಕು ರಿಪೇರಿಯ ಮಿಸ್ತ್ರಿಗೆ, ಸುಮಾರು 18.5 ಮಿ.ಮೀ. ಇರಬೇಕಾಗಿದ್ದ ಒಳವ್ಯಾಸ 18.8 ಮಿ.ಮೀ. ಸಿಕ್ಕಿತು. ತುಕ್ಕಿನ ಗುಣಿಗಳನ್ನು ಮರೆಸಲು ಯಾರೋ ಒಳಗಿನ ಲೋಹವನ್ನೇ ಉಜ್ಜಿ ತೆಗೆದಿದ್ದರು. ಪರೀಕ್ಷೆಯಾದಾಗ ಇದ್ದ ಅಳತೆಗಿಂತ ಇಷ್ಟು ಹಿಗ್ಗಿದರೆ ಇಂಗ್ಲೆಂಡಿನ ನಿಯಮದಲ್ಲಿ ಆ ಪರೀಕ್ಷೆಯೇ ಊರ್ಜಿತವಾಗಿ ಉಳಿಯುವುದಿಲ್ಲ. ಸಾಲದ್ದಕ್ಕೆ ಅದರ ಚೇಂಬರು, ಅಂದರೆ ಕಾರ್ತೂಸು ಕೂರುವ ಜಾಗ, 65 ಮಿ.ಮೀ.ನದು. ಕಾರ್ತೂಸಿನ ಉದ್ದವೆಂದರೆ ಹಾರಿಸಿದಾಗ ಅದರ ಮಡಿಸಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಆದ್ದರಿಂದ 70 ಮಿ.ಮೀ.ನ ಕಾರ್ತೂಸು ಅಲ್ಲಿ ಸಲೀಸಾಗಿ ಕೂರುತ್ತದೆ, ಆದರೆ ಹಾರಿಸಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ.

ಮುಂಗೇರಿನ ಬಂದೂಕಿಗೆ ಕೆತ್ತನೆಯ ಚೆಂದವಿಲ್ಲ, ಮರವೂ ಸಾಧಾರಣ. ಮುಂದಿನ ಮರ ಕಳಚಿ, ಬಂದೂಕನ್ನು ಮುಚ್ಚಿ, ನಳಿಗೆಯನ್ನು ಅಲುಗಾಡಿಸಿದಾಗ ಇಂಗ್ಲಿಷ್ ಬಂದೂಕಿನ ಕೀಲು ಸಣ್ಣಗೆ ಕಟಕಟ ಎಂದಿತ್ತು, ಇದು ಮಿಸುಕಲಿಲ್ಲ. ನಳಿಗೆಯನ್ನು ಬೆರಳಿನಿಂದ ತೂಗುಬಿಟ್ಟು ತಟ್ಟಿದಾಗ ಗಂಟೆಯಂತೆ ನಾದ ಬಂತು, ಅಂದರೆ ಎರಡು ನಳಿಗೆಗಳ ನಡುವಿನ ಬೆಸುಗೆ ಬಿಟ್ಟಿರಲಿಲ್ಲ. ಬಾಯಿಯ ಹತ್ತಿರ ನಾಲ್ಕಾರು ತುಕ್ಕಿನ ಚುಕ್ಕೆಗಳಿದ್ದವು. ಒತ್ತಡ ಹೆಚ್ಚಿರುವ ಬುಡದಲ್ಲಿ ಅವು ಇಲ್ಲದ್ದರಿಂದ ನಾನು ಚಿಂತಿಸಲಿಲ್ಲ. ಚಿಂತೆಯಾದದ್ದು ಎಡ ಟ್ರಿಗರಿನದು. ಹುಸಿ ಕಾರ್ತೂಸು ತುಂಬಿ, ಹಿಡಿಯ ಹಿಂಬದಿಯನ್ನು ರಬ್ಬರಿನ ಹಾಸಿನ ಮೇಲೆ ತುಸು ಕುಟ್ಟಿದರೆ, ಟ್ರಿಗರ್ ಮುಟ್ಟದೆಯೇ ಒಳಗಿನ ಕುದುರೆ (ಕಾರ್ತೂಸು ಸಿಡಿಸುವ ಸುತ್ತಿಗೆ) ಬಿದ್ದುಬಿಟ್ಟಿತು. ಹೆಗಲಿನ ಮೇಲೆ ಹೊತ್ತು ಹೊಲದ ಒಡ್ಡು ದಾಟುವವನಿಗೆ ಇದು ಜೀವದ ಪ್ರಶ್ನೆ. ಆದರೂ ಆ ಕುದುರೆಯನ್ನು ತಡೆದು ಹಿಡಿಯುವ, ಸವೆದ ಕೊಕ್ಕೆಯನ್ನು ಮಿಸ್ತ್ರಿ ಬದಲಿಸಬಲ್ಲನು, ತೆಳುವಾದ ನಳಿಗೆಗೆ ಲೋಹವನ್ನು ಮರಳಿ ತುಂಬಲಾರನು.

ಆ ರಿಪೇರಿಯನ್ನು ಮಾಡಿಸಿ, ಮತ್ತೆ ಹತ್ತು ಸಲ ಕುಟ್ಟಿ ನೋಡಿ, ಎರಡನೆಯದನ್ನೇ ಕೊಂಡು ನನ್ನ ಲೈಸೆನ್ಸಿನಲ್ಲಿ ನಮೂದಿಸಿಕೊಂಡೆನು. ಹುಮನಾಬಾದಿಗೆ ಇನ್ನೊಮ್ಮೆ ಹೋಗಿ ಗೇಜಿನ ಅಳತೆ ಬರೆದ ಚೀಟಿಯನ್ನು ಕಾಕಾ ಅವರ ಕೈಗೆ ಕೊಟ್ಟು, ಅದರಿಂದ ಇನ್ನು ಹಾರಿಸಬೇಡಿರೆಂದು ಕೇಳಿಕೊಂಡೆನು; ಅವರು ಚೀಟಿಯನ್ನು ಬಂದೂಕಿನ ಪೆಟ್ಟಿಗೆಯೊಳಗೆ ಇಟ್ಟರು.