ಟೆರೇಸ್ ನಿಮ್ಮದೇ ಅಂದರೆ ಮೊದಲು ಬೈಲಾ ತೆಗೆದು ನೋಡಿ

ಫ್ಲ್ಯಾಟ್ ತೋರಿಸುವಾಗ ಮಾರುವವರು ಹಾಲ್‌ನ ಗಾಜಿನ ಬಾಗಿಲು ಸರಿಸಿ, "ಈ ಟೆರೇಸ್ ಪೂರ್ತಿ ನಿಮ್ಮದೇ, ಬೇರೆ ಯಾರೂ ಕಾಲಿಡೋ ಹಾಗಿಲ್ಲ" ಅಂದರು. ನಾವು ಅದಕ್ಕೇ ಮರುಳಾದೆವು. ಫ್ಲ್ಯಾಟ್ ಮಾಲೀಕರ ಸಂಘದ ಬೈಲಾ, ಅಂದರೆ ನಿಯಮಗಳ ಪುಸ್ತಕದ ಕಾಪಿಯನ್ನೂ ಕೊಟ್ಟಿದ್ದರು. ಅದನ್ನು ಕ್ರಯಪತ್ರದ ಜೊತೆ ಫೈಲಿಗೆ ಸೇರಿಸಿ ಬೀರುವಿನಲ್ಲಿಟ್ಟೆ. ಒಂದು ಹಾಳೆಯನ್ನೂ ತಿರುವಲಿಲ್ಲ.

ಎರಡನೇ ಮಳೆಗಾಲದಲ್ಲಿ ಕೆಳಗಿನ ಮನೆಯವರು ಬಂದು ಕರೆದುಕೊಂಡು ಹೋದರು. ಅವರ ಮಲಗುವ ಕೋಣೆಯ ಸೀಲಿಂಗ್ ತುಂಬಾ ಪೈಂಟ್ ಗುಳ್ಳೆ ಎದ್ದಿತ್ತು. ಫ್ಯಾನಿನ ಬುಡದಿಂದ ನೀರು ತೊಟ್ಟಿಕ್ಕುತ್ತಿತ್ತು, ಮಂಚವನ್ನು ಗೋಡೆಗೆ ದೂಡಿದ್ದರು. ನಮ್ಮ ಟೆರೇಸೇ ಅವರ ಸೂರು!

ಸ್ಲ್ಯಾಬ್ ಎಲ್ಲರಿಗೂ ಸೇರಿದ್ದಲ್ವಾ, ಖರ್ಚು ಸಂಘದ್ದು ಅಂದುಕೊಂಡೆ. ಕಾರ್ಯದರ್ಶಿಗಳು ಬೈಲಾ ತೆರೆದು ತೋರಿಸಿದರು. ಟೆರೇಸಿನ ಒಡೆತನ ಎಲ್ಲರದ್ದು, ನಮಗಿರುವುದು ಬಳಸುವ ಹಕ್ಕು ಮಾತ್ರ. ಬಳಸುವವರೇ ವಾಟರ್ ಪ್ರೂಫಿಂಗ್ ಸಮೇತ ರಿಪೇರಿ ಮಾಡಿಸಬೇಕು. ಮನೆಗೆ ಬಂದು ನನ್ನ ಕಾಪಿ ನೋಡಿದರೆ ಅದರಲ್ಲಿ ವಾಟರ್ ಪ್ರೂಫಿಂಗ್ ಅನ್ನೋ ಮಾತೇ ಇಲ್ಲ. ಗುಡಿಸಿ ತೊಳೆದು ಟೈಲ್ಸ್ ನೋಡಿಕೊಳ್ಳಬೇಕು ಅಂತಷ್ಟೇ ಇದೆ. ನನಗೆ ಸಿಕ್ಕಿದ್ದು ತಿದ್ದುಪಡಿಗಿಂತ ಹಿಂದಿನ ಪ್ರತಿ.

ಇಲ್ಲಿಂದ ಮುಂದಿನದು ನನ್ನದೇ ದಡ್ಡತನ. ಸಿಟ್ಟಿನಲ್ಲಿ ಮೇಂಟೆನೆನ್ಸ್ ಕಟ್ಟುವುದನ್ನು ನಿಲ್ಲಿಸಿದೆ. ಜನರಲ್ ಬಾಡಿ ಮೀಟಿಂಗಿನಲ್ಲಿ ವಿಷಯ ಓಟಿಗೆ ಬಂದಾಗ ನಾನೂ ಕೈ ಎತ್ತಿದೆ. "ಬಾಕಿ ಇರುವವರಿಗೆ ಓಟಿಲ್ಲ" ಅಂದರು. ಅದೂ ಬೈಲಾದಲ್ಲೇ ಇತ್ತು, ನನ್ನ ಹಳೇ ಕಾಪಿಯಲ್ಲೂ. ಎತ್ತಿದ ಕೈ ಇಳಿಸಿ ಸುಮ್ನೆ ಕೂತೆ. ಬಾಕಿಗೆ ಬಡ್ಡಿ ಬೇರೆ ಬಿತ್ತು.

ಕೊನೆಗೆ ಬಾಕಿ ತೀರಿಸಿ, ಸಭೆಯಲ್ಲಿ ನಡೆದದ್ದನ್ನು ಬರೆದಿಡುವ ಮಿನಿಟ್ಸ್ ಬುಕ್ ಕೇಳಿ ಪಡೆದೆ. ತಿದ್ದುಪಡಿ ಆದ ದಿನ ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ ಇರಲಿಲ್ಲ. ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಉಳಿದವರೇ ಒಪ್ಪಿಗೆ ಕೊಟ್ಟಿದ್ದರು. ಮಾಮೂಲಿ ವಿಷಯಕ್ಕೆ ನಮ್ಮ ಬೈಲಾ ಪ್ರಕಾರ ಅಷ್ಟು ಸಾಕು. ಆದರೆ ಬೈಲಾವನ್ನೇ ತಿದ್ದಲು ಒಟ್ಟು ಮಾಲೀಕರ ಮೂರರಲ್ಲಿ ಎರಡು ಭಾಗದ ಒಪ್ಪಿಗೆ ಬೇಕು. 'ಹಾಜರಿದ್ದವರ' ಅಲ್ಲ, 'ಒಟ್ಟು ಮಾಲೀಕರ'. ಆ ಪದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದು ಸಮಿತಿಗೆ ಪತ್ರ ಕೊಟ್ಟಿದ್ದೇನೆ.

ಹಾಗಾಗಿ ಫ್ಲ್ಯಾಟ್ ಕೊಳ್ಳುವವರು ಬೈಲಾವನ್ನು ಮಾರುವವರ ಕೈಯಿಂದ ತಗೋಬೇಡಿ. ಸಂಘದ ಆಫೀಸಿನಿಂದಲೇ, ತಿದ್ದುಪಡಿಗಳ ಸಮೇತ, ಸೀಲು ಹಾಕಿಸಿ ತಗೊಳ್ಳಿ. ಪಾರ್ಕಿಂಗ್, ಟೆರೇಸ್, ಮನೆ ಮುಂದಿನ ತೋಟ, ಯಾವುದನ್ನು 'ನಿಮಗೆ ಮಾತ್ರ' ಅಂದರೂ ಅದರ ರಿಪೇರಿ ಯಾರದ್ದು ಅಂತ ಹುಡುಕಿ. ಹಿಂದಿನ ಮಾಲೀಕರ ಬಾಕಿ ಇಲ್ಲ ಅನ್ನೋ ಪತ್ರವನ್ನೂ ಕೇಳಿ. ಜಗಳ ಇದ್ದರೂ ಮೇಂಟೆನೆನ್ಸ್ ನಿಲ್ಲಿಸಬೇಡಿ. ಒಪ್ಪಿಗೆ ಇಲ್ಲ ಅಂತ ಬರೆದುಕೊಟ್ಟು ಕಟ್ಟಿ.

ವಾಟರ್ ಪ್ರೂಫಿಂಗ್ ದುಡ್ಡು ನಾನೇ ಕೊಟ್ಟೆ. ಪಾಪ, ಕೆಳಗಿನವರು ಎಷ್ಟು ದಿನ ಬಕೆಟ್ ಇಟ್ಟುಕೊಂಡು ಮಲಗುತ್ತಾರೆ? ಆ ರಸೀದಿ ಈಗ ಫೈಲಿನಲ್ಲಿದೆ, ಮುಂದಿನ ಮೀಟಿಂಗಿಗೆ ತಗೊಂಡು ಹೋಗಬೇಕು.