ತೋಳಿನ ಸೆನ್ಸರ್ ಜೊತೆ ಒಂದೂವರೆ ವರ್ಷ: ಶುಗರ್ ಇಳಿದದ್ದು ನನಗೇ ತಿಳಿಯುತ್ತಿರಲಿಲ್ಲ

ನಾನು ಇನ್ಸುಲಿನ್ ತಗೊಳ್ಳೋಕೆ ಶುರು ಮಾಡಿ 11 ವರ್ಷ. ಶುಗರ್ ಲೋ ಆದರೆ ಮೊದಲೆಲ್ಲ ಕೈ ನಡುಗುತ್ತಿತ್ತು, ಬೆವರು ಕಿತ್ತುಕೊಂಡು ಬರುತ್ತಿತ್ತು, ಎದೆ ಡವಡವ ಅನ್ನುತ್ತಿತ್ತು. "ನನಗೆ ಗೊತ್ತಾಗುತ್ತೆ ಬಿಡಿ" ಅಂತ ಡಾಕ್ಟರಿಗೂ ಹೇಳುತ್ತಿದ್ದೆ.

ಆ ನಂಬಿಕೆ ಮುರಿದದ್ದು ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ. ಧಾರವಾಡದಿಂದ ಹೊರಟವನು ನವನಗರದಲ್ಲಿ ಇಳಿಯಬೇಕಿತ್ತು, ಇಳಿಯಲಿಲ್ಲ. ಕಣ್ಣು ತೆರೆದೇ ಇತ್ತು. ಎಲ್ಲಿದ್ದೇನೆ ಅನ್ನೋದು ಮಾತ್ರ ತಿಳಿಯಲಿಲ್ಲ. "ಯಾಕೋ ತಮ್ಮಾ, ಹಿಂಗ್ಯಾಕ ಕುಂತಿ?" ಅಂತ ಪಕ್ಕದ ಅಜ್ಜಿ ಕೇಳಿದರು. ನಾಲಿಗೆ ತೊದಲಿತು. ಬ್ಯಾಗಿನಲ್ಲಿದ್ದ ಶುಗರ್ ಮೀಟರ್ 46 ತೋರಿಸಿತು; 70ಕ್ಕಿಂತ ಕೆಳಗಿದ್ದರೇ ಲೋ. ನಡುಕ ಇಲ್ಲ, ಬೆವರಿಲ್ಲ.

ಮುಂದಿನ ವಾರ ತೋಳಿಗೆ ಸೆನ್ಸರ್ ಹಾಕಿಸಿಕೊಂಡೆ; ಹಗಲು ರಾತ್ರಿ ಶುಗರ್ ಅಳೆದು ಫೋನಿನಲ್ಲಿ ತೋರಿಸುವ ಸಾಧನ ಅದು. ಮೊದಲ 14 ದಿನದಲ್ಲೇ ಐದು ರಾತ್ರಿ 70ಕ್ಕಿಂತ ಕೆಳಗೆ, ಅದರಲ್ಲಿ ಎರಡು ಸಲ 54ಕ್ಕಿಂತಲೂ ಕೆಳಗೆ. ನಾನು ಗಾಢ ನಿದ್ದೆಯಲ್ಲಿದ್ದೆ. ಗ್ರಾಫ್ ನೋಡಿ ನನ್ನ ಹೆಂಡತಿ ಹೇಳಿದಳು, "ಮುಂಜಾನೆ ತಲಿ ನೋಯ್ತದ ಅಂತಿದ್ರಲ್ಲ, ಇದ ಇರಬೇಕ ನೋಡ್ರಿ." ಅವಳ ಮಾತು ಸರಿ ಇತ್ತು.

ಪದೇ ಪದೇ ಲೋ ಆದರೆ ದೇಹಕ್ಕೆ ಅದೇ ರೂಢಿಯಾಗುತ್ತದಂತೆ. ನಡುಕ, ಬೆವರು ತರಿಸಿ ಎಚ್ಚರಿಸುವ ಅಡ್ರಿನಲಿನ್ ಹಾರ್ಮೋನ್ ತಡವಾಗಿ ಬರುತ್ತದೆ, ಅಷ್ಟರಲ್ಲಿ ಮಿದುಳಿಗೇ ಸಕ್ಕರೆ ಸಾಲದಾಗಿರುತ್ತದೆ. ಗೊಂದಲದಲ್ಲಿರುವ ತಲೆ ತನ್ನ ಗೊಂದಲವನ್ನು ಹೇಗೆ ಗುರುತಿಸೀತು, ಅಲ್ವಾ? ಕೆಲವು ವಾರ ಲೋ ಆಗದಂತೆ ನೋಡಿಕೊಂಡರೆ ಆ ಸೂಚನೆಗಳು ಮರಳಿ ಬರಬಹುದು ಅಂದರು ಡಾಕ್ಟರ್. ರಾತ್ರಿಯ ಇನ್ಸುಲಿನ್ ಕಡಿಮೆ ಮಾಡಿದರು, ಸೆನ್ಸರ್‌ನ ಅಲಾರಂ 80ಕ್ಕೆ ಇಟ್ಟರು. ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ, 66 ಇದ್ದಾಗ, ಕೈ ನಡುಗಿತು. ಕಣ್ಣಲ್ಲಿ ನೀರು ಬಂತು.

ತೊಂದರೆಗಳೂ ಇವೆ. ಆ ತೋಳಿನ ಮೇಲೆ ಮಲಗಿದರೆ ಸುಳ್ಳು ಲೋ ತೋರಿಸಿ ಎಬ್ಬಿಸುತ್ತದೆ. ಏಪ್ರಿಲ್ ಬಿಸಿಲಿಗೆ ಅಂಟು ಬಿಡುತ್ತದೆ. ಒಂದು ಸೆನ್ಸರ್‌ಗೆ ಸುಮಾರು 5,000 ರೂಪಾಯಿ, ನನ್ನಂಥವರಿಗೆ ಅದು ದೊಡ್ಡ ಹೊರೆ. ಇನ್ನೊಂದು ಮುಖ್ಯ ವಿಷಯ: ಅದು ಅಳೆಯೋದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು. ಅದಕ್ಕೇ ಐದು-ಹತ್ತು ನಿಮಿಷ ಹಿಂದೆ ಇರುತ್ತದೆ. ಸಕ್ಕರೆ ತಿಂದ ಮೇಲೂ ಇನ್ನೂ ಇಳಿದೇ ಇದೆ ಅಂತ ಹೆದರಿ ಮತ್ತೆ ಮತ್ತೆ ತಿನ್ನುತ್ತಿದ್ದೆ. ಈಗ 15 ಗ್ರಾಂ ಗ್ಲೂಕೋಸ್ ಪುಡಿ ನೀರಲ್ಲಿ ಕಲಸಿ ಕುಡಿದು, 15 ನಿಮಿಷ ಕಾದು, ಬೆರಳು ಚುಚ್ಚಿ ನೋಡುತ್ತೇನೆ. ಮೊದಲು ಜೇಬಿನಲ್ಲಿ ಪೇಡೆ ಇಟ್ಟುಕೊಳ್ಳುತ್ತಿದ್ದೆ. ಧಾರವಾಡದವರಿಗೆ ಅದೇ ತಾನೇ ಕೈಗೆ ಸಿಗೋದು! ಆದರೆ ಪೇಡೆಯಲ್ಲಿ ಹಾಲಿನ ಕೊಬ್ಬು ಇರೋದರಿಂದ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ. ಲೋ ಆದಾಗ ದಯವಿಟ್ಟು ಅದನ್ನು ನಂಬಬೇಡಿ.

ಈಗ ಹಗಲಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಫೋನ್ ನೋಡುವ ಮೊದಲು ನನ್ನ ಅಂದಾಜು ಬರೆದಿಡುತ್ತೇನೆ. ಕಳೆದ ತಿಂಗಳು ಏಳು ಸಲ ಲೋ ಆಯಿತು. ಐದನ್ನು ಅಲಾರಂಗಿಂತ ಮೊದಲು ನಾನೇ ಹಿಡಿದೆ. ಉಳಿದ ಎರಡೂ ರಾತ್ರಿಯವು. ಅದಕ್ಕೇ ಸೆನ್ಸರ್ ಬಿಡುವ ಯೋಚನೆ ಸದ್ಯಕ್ಕಿಲ್ಲ.